ಬಸ್ಸಿನಲ್ಲಿ ಉಳಿದ ಹಾರ್ಡ್ ಡಿಸ್ಕ್ ಮತ್ತು ಎಸ್‌ಕ್ಯೂಎಲ್ ಸರ್ವರ್ 2019ರ ಟಿಡಿಇ: ಬಳಸಿ ನೋಡಿದವನ ವಿಮರ್ಶೆ

ತುಮಕೂರಿನಲ್ಲಿ ಪ್ರಧಾನ ಕಚೇರಿಯೂ ಗುಬ್ಬಿ, ಕುಣಿಗಲ್, ಶಿರಾ ಮತ್ತು ತಿಪಟೂರಿನಲ್ಲಿ ಶಾಖೆಗಳೂ ಇರುವ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕಂಪ್ಯೂಟರ್ ವಿಭಾಗವನ್ನು ನೋಡಿಕೊಳ್ಳುವವನು ನಾನು. ವಿಭಾಗವೆಂದರೆ ನಾನು ಮತ್ತು ಒಬ್ಬ ಸಹಾಯಕ, ಇಷ್ಟೇ. ಸದಸ್ಯರ ಖಾತೆಗಳು, ಪಿಗ್ಮಿ ಸಂಗ್ರಹ, ಚಿನ್ನದ ಸಾಲ, ಕೊಬ್ಬರಿ ವ್ಯಾಪಾರಿಗಳ ಓವರ್‌ಡ್ರಾಫ್ಟ್, ಎಲ್ಲವೂ ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರಿನ ಒಂದೇ ಡೇಟಾಬೇಸಿನಲ್ಲಿವೆ. ಪ್ರಧಾನ ಕಚೇರಿಗೆ ಬೆಂಕಿಯೋ ನೀರೋ ತಗುಲಿದರೆ ಬೇರೆ ಊರಿನಲ್ಲಿ ಒಂದು ಪ್ರತಿ ಇರಲಿ ಎಂದು, ಪ್ರತಿ ಶನಿವಾರ ಅದರ ಬ್ಯಾಕಪ್ಪನ್ನು ಪೋರ್ಟಬಲ್ ಹಾರ್ಡ್ ಡಿಸ್ಕಿಗೆ ಹಾಕಿ ತಿಪಟೂರು ಶಾಖೆಯ ಸ್ಟ್ರಾಂಗ್ ರೂಮಿಗೆ ಕಳುಹಿಸುವುದು ಬಹಳ ವರ್ಷಗಳಿಂದ ನಡೆದುಬಂದ ಪದ್ಧತಿ. ಒಂದು ಶನಿವಾರ ಅದನ್ನು ಒಯ್ದ ನಮ್ಮ ಅಟೆಂಡರ್ ತಿಪಟೂರಿನಲ್ಲಿ ಬಸ್ಸಿನಿಂದ ಇಳಿದರು, ಚೀಲ ಇಳಿಯಲಿಲ್ಲ. ಅದು ಅರಸೀಕೆರೆಯವರೆಗೂ ಹೋಗಿ, ಕಂಡಕ್ಟರ್ ಒಬ್ಬರ ಒಳ್ಳೆಯತನದಿಂದ ಮಂಗಳವಾರ ಸಂಜೆ ನಮ್ಮ ಕೈಗೆ ಮರಳಿತು.

ಆ ಮೂರು ದಿನಗಳಲ್ಲಿ ನಮ್ಮ ಕಾರ್ಯದರ್ಶಿಗಳು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಅದನ್ನ ಯಾರಾದ್ರೂ ತೆಗೆದು ನೋಡ್ಬಹುದೇನ್ರೀ?" ನೋಡಬಹುದಿತ್ತು. ಹಾಕಿದ್ದ ಪಾಸ್‌ವರ್ಡುಗಳೆಲ್ಲ ಸರ್ವರಿಗೇ ಹೊರತು ಬ್ಯಾಕಪ್ ಕಡತಕ್ಕಲ್ಲ. ಆ ಕಡತವನ್ನು ಯಾರು ಬೇಕಾದರೂ ತಮ್ಮ ಲ್ಯಾಪ್‌ಟಾಪಿನ ಎಸ್‌ಕ್ಯೂಎಲ್ ಸರ್ವರಿಗೆ ಹಾಕಿಕೊಂಡು, ಯಾವ ಸದಸ್ಯರು ಎಷ್ಟು ಗ್ರಾಂ ಚಿನ್ನ ಅಡವಿಟ್ಟಿದ್ದಾರೆಂದು ಸಾವಧಾನವಾಗಿ ಓದಬಹುದಿತ್ತು. ಈ ಘಟನೆಯ ನಂತರ ನಾವು ಅಳವಡಿಸಿಕೊಂಡದ್ದೇ ಟ್ರಾನ್ಸ್‌ಪರೆಂಟ್ ಡೇಟಾ ಎನ್‌ಕ್ರಿಪ್ಶನ್, ಚಿಕ್ಕದಾಗಿ ಟಿಡಿಇ. ಒಂದು ವರ್ಷಕ್ಕೂ ಮೇಲ್ಪಟ್ಟು ಅದನ್ನು ನಡೆಸಿದ ಅನುಭವದ ಮೇಲೆ, ನಮ್ಮಂತಹದೇ ಸಣ್ಣ ಸಂಸ್ಥೆಗಳಲ್ಲಿ ಇದೇ ಕೆಲಸ ಮಾಡುವವರಿಗಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಹೆಸರಿನಿಂದಲೇ ಒಂದು ತೊಡಕು ಶುರುವಾಯಿತೆಂಬುದನ್ನು ಹೇಳಲೇಬೇಕು. ಆಡಳಿತ ಮಂಡಳಿಯ ಸಭೆಗೆ ನಾನು ಸಿದ್ಧಪಡಿಸಿದ ಟಿಪ್ಪಣಿಯಲ್ಲಿ "ಪಾರದರ್ಶಕ ದತ್ತಾಂಶ ಗೂಢಲಿಪೀಕರಣ" ಎಂದು ನಿಷ್ಠೆಯಿಂದ ಕನ್ನಡಿಸಿದ್ದೆ. ಹಿರಿಯ ನಿರ್ದೇಶಕರೊಬ್ಬರು ಕನ್ನಡಕವನ್ನು ಮೇಲಕ್ಕೆ ಸರಿಸಿ, "ಗುಟ್ಟಾಗಿಡ್ಬೇಕು ಅಂತೀರಿ, ಪಾರದರ್ಶಕ ಅಂತಲೂ ಅಂತೀರಿ, ಎರಡರಲ್ಲಿ ಯಾವುದಪ್ಪ?" ಎಂದರು. ಅವರ ಪ್ರಶ್ನೆ ನ್ಯಾಯವಾದುದೇ. ಇಲ್ಲಿ ಪಾರದರ್ಶಕವೆಂದರೆ ಮಾಹಿತಿ ಎಲ್ಲರಿಗೂ ಕಾಣುತ್ತದೆಂದಲ್ಲ. ನಡುವೆ ಒಂದು ಬೀಗ ಬಂದಿರುವುದು ತಂತ್ರಾಂಶದ ಕಣ್ಣಿಗೆ ಬೀಳುವುದಿಲ್ಲ ಎಂದರ್ಥ. ಎಸ್‌ಕ್ಯೂಎಲ್ ಸರ್ವರ್ ತನ್ನ ದತ್ತಾಂಶವನ್ನು 8 ಕಿಲೋಬೈಟಿನ ಪುಟಗಳಾಗಿ ಡಿಸ್ಕಿನಲ್ಲಿ ಇಡುತ್ತದೆ. ಟಿಡಿಇ ಹಾಕಿದ ಮೇಲೆ ಪ್ರತಿ ಪುಟವೂ ಡಿಸ್ಕಿಗೆ ಇಳಿಯುವ ಮುನ್ನ ಗೂಢಲಿಪಿಯಾಗುತ್ತದೆ, ಮೆಮೊರಿಗೆ ಏರುವಾಗ ಮತ್ತೆ ಸರಳ ರೂಪಕ್ಕೆ ಬರುತ್ತದೆ. ಕೌಂಟರಿನಲ್ಲಿ ಕುಳಿತವರಿಗಾಗಲಿ, ಅವರು ಬಳಸುವ ಬ್ಯಾಂಕಿಂಗ್ ತಂತ್ರಾಂಶಕ್ಕಾಗಲಿ ಇದರ ಸುಳಿವೇ ಇರುವುದಿಲ್ಲ. ತಂತ್ರಾಂಶ ಕೊಟ್ಟವರನ್ನು ಒಂದು ಸಾಲು ಬದಲಿಸಿಕೊಡಿ ಎಂದು ಕೇಳಿದರೂ ಆರು ತಿಂಗಳು ಕಾಯಬೇಕಾಗುವ ನಮ್ಮಂತಹವರಿಗೆ, ಅವರನ್ನು ಕೇಳದೆಯೇ ಮಾಡಬಹುದಾದ ಕೆಲಸವೆಂಬುದೇ ಇದರ ಮೊದಲ ಆಕರ್ಷಣೆ.

ಎರಡನೆಯ ಆಕರ್ಷಣೆ ಖರ್ಚಿನದು. ಟಿಡಿಇ ಎಸ್‌ಕ್ಯೂಎಲ್ ಸರ್ವರಿಗೆ ಬಂದದ್ದು 2008ರ ಆವೃತ್ತಿಯಲ್ಲೇ ಆದರೂ, ವ್ಯಾಪಾರ ಬಳಕೆಗೆ ಬಹುಕಾಲ ಅದು ದುಬಾರಿಯಾದ ಎಂಟರ್‌ಪ್ರೈಸ್ ಎಡಿಷನ್ನಿನ ಸೊತ್ತಾಗಿತ್ತು. 2019ರ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಅದನ್ನು ಸ್ಟ್ಯಾಂಡರ್ಡ್ ಎಡಿಷನ್ನಿಗೂ ಇಳಿಸಿತು. ನಮ್ಮಲ್ಲಿ ಇದ್ದದ್ದು ಅದೇ ಆದ್ದರಿಂದ ಹೊಸದಾಗಿ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಉಚಿತವಾಗಿ ಸಿಗುವ ಎಕ್ಸ್‌ಪ್ರೆಸ್ ಎಡಿಷನ್ನಿನಲ್ಲಿ ಈ ಸೌಲಭ್ಯವಿಲ್ಲ. ಅದರ ಮೇಲೆ ನಡೆಯುತ್ತಿರುವ ಸಣ್ಣ ಸಂಘಗಳು ಮುಂದೆ ಓದುವ ಮೊದಲು ಇದನ್ನು ಗಮನಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸೂಕ್ತ ಭದ್ರತಾ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೂ ದಂಡ ವಿಧಿಸಬಹುದೆಂದಿದೆ ಎಂದು ನಾನು ಓದಿ ಹೇಳಿದ ಬಳಿಕ ಮಂಡಳಿಯಲ್ಲಿ ಮತ್ತೆ ಚರ್ಚೆಯಾಗಲಿಲ್ಲ, ಠರಾವು ಪಾಸಾಯಿತು.

ಅಳವಡಿಸುವ ಕೆಲಸ ನಾಲ್ಕು ಆದೇಶಗಳಷ್ಟೇ. ಮೊದಲು ಮಾಸ್ಟರ್ ಎಂಬ ಡೇಟಾಬೇಸಿನಲ್ಲಿ ಒಂದು ಪಾಸ್‌ವರ್ಡ್ ಕೊಟ್ಟು ಮಾಸ್ಟರ್ ಕೀಯನ್ನು ಸೃಷ್ಟಿಸಬೇಕು; ನಂತರ ಅಲ್ಲಿಯೇ ಒಂದು ಸರ್ಟಿಫಿಕೇಟ್, ಎಂದರೆ ಬೀಗ ಹಾಕುವ ಮತ್ತು ತೆರೆಯುವ ಕೀಲಿಗಳ ಜೋಡಿಯಿರುವ ಡಿಜಿಟಲ್ ದಾಖಲೆ; ಆಮೇಲೆ ನಮ್ಮ ಡೇಟಾಬೇಸಿಗೆ ಬಂದು, ಆ ಸರ್ಟಿಫಿಕೇಟಿನ ರಕ್ಷಣೆಯಲ್ಲಿ ಡೇಟಾಬೇಸ್ ಎನ್‌ಕ್ರಿಪ್ಶನ್ ಕೀ; ಕೊನೆಗೆ ಎನ್‌ಕ್ರಿಪ್ಶನ್ ಆನ್. ಒಂದರೊಳಗೊಂದು ಡಬ್ಬಿ ಇಟ್ಟಂತೆ ಈ ಕೀಲಿಗಳು ಕೂತಿರುತ್ತವೆ: ಪುಟಗಳನ್ನು ಮುಚ್ಚುವ ಕೀಲಿ ಡೇಟಾಬೇಸಿನೊಳಗೇ ಇದ್ದರೂ ಅದಕ್ಕೆ ಬೀಗ ಸರ್ಟಿಫಿಕೇಟಿನದು, ಸರ್ಟಿಫಿಕೇಟಿಗೆ ಬೀಗ ಮಾಸ್ಟರ್ ಕೀಯದು, ಅದಕ್ಕೆ ಸರ್ವರಿನ ಸ್ವಂತ ಕೀಲಿಯದು, ಅದನ್ನು ಕಾಯುವುದು ವಿಂಡೋಸ್. ಈ ಸರಪಳಿ ಅರ್ಥವಾಗದೆ ಅಂತರ್ಜಾಲದಿಂದ ನಾಲ್ಕು ಸಾಲು ನಕಲು ಮಾಡಿ ಒತ್ತಿದವರು ಮುಂದೆ ಪಡುವ ಪಾಡನ್ನು ನಾನೂ ಒಂದಿಷ್ಟು ಪಟ್ಟಿದ್ದೇನೆ. ಅದನ್ನು ಕೆಳಗೆ ಹೇಳುತ್ತೇನೆ. ಎನ್‌ಕ್ರಿಪ್ಶನ್ ವಿಧಾನವಾಗಿ ಎಇಎಸ್ 256 ಅನ್ನು ಆರಿಸಿಕೊಂಡೆ. ಪಟ್ಟಿಯಲ್ಲಿ ಇನ್ನೂ ಕಾಣುವ ಟ್ರಿಪಲ್ ಡೆಸ್ ಹಳೆಯದಾಗಿ ಹೋದದ್ದು, ಅದರ ಗೊಡವೆ ಬೇಡ.

ನಮ್ಮ ಡೇಟಾಬೇಸ್ ಸುಮಾರು 42 ಗಿಗಾಬೈಟಿನದು, ಡಿಸ್ಕುಗಳು ಹಳೆಯ ಕಾಲದ ತಿರುಗುವ ಡಿಸ್ಕುಗಳು. ಭಾನುವಾರ ರಾತ್ರಿ ಹತ್ತಕ್ಕೆ ಆನ್ ಮಾಡಿದೆ. ಇದ್ದ ಪುಟಗಳನ್ನೆಲ್ಲ ಹಿನ್ನೆಲೆಯಲ್ಲಿ ಒಂದೊಂದಾಗಿ ಓದಿ ಗೂಢಲಿಪಿಯಲ್ಲಿ ಮತ್ತೆ ಬರೆಯುವ ಈ ಕೆಲಸದ ಪ್ರಗತಿಯನ್ನು ನೋಡಲು ಒಂದು ಕೋಷ್ಟಕವಿದೆ. ಅದರಲ್ಲಿ ಸ್ಥಿತಿ 2 ಎಂದಿದ್ದರೆ ನಡೆಯುತ್ತಿದೆ, 3 ಎಂದಾದರೆ ಮುಗಿದಿದೆ ಎಂದರ್ಥ. ಶೇಕಡಾ ಐವತ್ತರ ಹತ್ತಿರ ಬಂದಾಗ ಕರೆಂಟು ಹೋಯಿತು, ಯುಪಿಎಸ್ ಕೂಗತೊಡಗಿತು. 2019ರ ಆವೃತ್ತಿಯಲ್ಲೇ ಸೇರ್ಪಡೆಯಾದ ಒಂದು ಸೌಲಭ್ಯ ಆಗ ನೆರವಿಗೆ ಬಂತು: ಎನ್‌ಕ್ರಿಪ್ಶನ್ ಸಸ್ಪೆಂಡ್ ಎಂಬ ಆದೇಶ ಕೊಟ್ಟರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ, ರೆಸ್ಯೂಮ್ ಎಂದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಸೋಮವಾರ ಇಡೀ ದಿನ ಅರ್ಧ ಮುಚ್ಚಿದ, ಅರ್ಧ ತೆರೆದ ಡೇಟಾಬೇಸಿನಲ್ಲಿಯೇ ಐದೂ ಕಚೇರಿಗಳ ವ್ಯವಹಾರ ನಡೆಯಿತು, ಯಾರಿಗೂ ಗೊತ್ತಾಗಲಿಲ್ಲ. ಅಂದು ರಾತ್ರಿ ಉಳಿದರ್ಧ ಮುಗಿಯಿತು.

ಮುಗಿದದ್ದು ನಿಜವೇ ಎಂದು ಪರೀಕ್ಷಿಸಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುವೆ, ಏಕೆಂದರೆ ಕಾರ್ಯದರ್ಶಿಗಳಿಗೆ ನಂಬಿಕೆ ಬಂದದ್ದು ಇದರಿಂದಲೇ. ಹಿಂದಿನ ವಾರದ, ಕಂಪ್ರೆಸ್ ಮಾಡದ ಒಂದು ಬ್ಯಾಕಪ್ ಕಡತವನ್ನು ಬೈಟುಗಳನ್ನು ಹಾಗೆಯೇ ತೋರಿಸುವ ಹೆಕ್ಸ್ ವ್ಯೂವರಿನಲ್ಲಿ ತೆರೆದು ತೋರಿಸಿದೆ. ಇಂಗ್ಲಿಷ್ ಅಕ್ಷರಗಳಲ್ಲಿದ್ದ ವಿಳಾಸಗಳು ಬಲಗಡೆಯ ಅಂಕಣದಲ್ಲಿ ನೇರವಾಗಿ ಓದಲು ಬರುತ್ತಿದ್ದವು. ಊರಿನ ಹೆಸರು, ಅಂಚೆಯ ಪಿನ್ ಸಂಖ್ಯೆ ಎಲ್ಲ. ಕನ್ನಡದಲ್ಲಿ ನಮೂದಿಸಿದ ಹೆಸರುಗಳು ಹಾಗೆ ಅಕ್ಷರಗಳಾಗಿ ಕಾಣುವುದಿಲ್ಲ, ಆದರೆ ಅವುಗಳನ್ನು ಗುರುತಿಸುವುದು ಇನ್ನೂ ಸುಲಭ. ಯುನಿಕೋಡಿನಲ್ಲಿ ಕನ್ನಡದ ಅಕ್ಷರಗಳೆಲ್ಲ ಒಂದೇ ಕೇರಿಯವು. ಎರಡೆರಡು ಬೈಟುಗಳಾಗಿ ಬರೆದಾಗ ಪ್ರತಿ ಅಕ್ಷರದ ಎರಡನೆಯ ಬೈಟು ಸೊನ್ನೆ-ಸಿ (0C) ಆಗಿರುತ್ತದೆ. ಹೀಗಾಗಿ ಪರದೆಯ ಮೇಲೆ ಒಂದು ಬಿಟ್ಟು ಒಂದು ಸೊನ್ನೆ-ಸಿ, ಸೊನ್ನೆ-ಸಿ ಎಂದು ಹೆಣಿಗೆಯಂತೆ ಸಾಲುಗಟ್ಟಿದ ಜಾಗವೆಲ್ಲ ಯಾವುದೋ ಸದಸ್ಯರ ಹೆಸರೋ ತಂದೆಯ ಹೆಸರೋ ಆಗಿತ್ತು. ಆನಂತರ ಹೊಸ ಬ್ಯಾಕಪ್ಪನ್ನು ತೆರೆದೆ. ಪಿನ್ ಸಂಖ್ಯೆಯನ್ನು ಹುಡುಕಿದರೆ ಸಿಗಲಿಲ್ಲ, ಆ ಹೆಣಿಗೆಯೂ ಇಲ್ಲ. ಒಟ್ಟು ಕಡತ ಚೆಲ್ಲಿದ ರಾಗಿಯಂತಿತ್ತು. "ಹಾಗಾದ್ರೆ ನಮ್ ಸ್ಕ್ರೀನ್ನಲ್ಲಿ ಹೆಂಗೆ ಕಾಣ್ತಿದೆ?" ಎಂದು ಕಾರ್ಯದರ್ಶಿಗಳು ತಮ್ಮ ಮೇಜಿನ ಗಣಕವನ್ನು ತೋರಿಸಿ ಕೇಳಿದರು. ಟಿಡಿಇಯ ಬಲವೂ ಮಿತಿಯೂ ಆ ಪ್ರಶ್ನೆಯಲ್ಲೇ ಇದೆ.

ಮಿತಿಯನ್ನು ಮೊದಲು ಹೇಳುತ್ತೇನೆ. ಸರ್ವರ್ ನಡೆಯುತ್ತಿರುವಾಗ, ಅನುಮತಿಯಿರುವ ಹೆಸರಿನಲ್ಲಿ ಒಳಬಂದ ಯಾರಿಗೇ ಆಗಲಿ, ಟಿಡಿಇ ಯಾವುದನ್ನೂ ಮುಚ್ಚುವುದಿಲ್ಲ. ನನಗೆ ಎಲ್ಲ ಖಾತೆಗಳೂ ಮೊದಲಿನಂತೆಯೇ ಕಾಣುತ್ತವೆ, ಪಾಸ್‌ವರ್ಡ್ ಕದ್ದು ಒಳಬಂದವನಿಗೂ ಕಾಣುತ್ತವೆ. ಶಾಖೆಯಿಂದ ಪ್ರಧಾನ ಕಚೇರಿಗೆ ತಂತಿಯಲ್ಲಿ ಹರಿಯುವ ಮಾಹಿತಿಗೂ ಇದರ ರಕ್ಷಣೆಯಿಲ್ಲ, ಅದಕ್ಕೆ ಟಿಎಲ್‌ಎಸ್ ಎಂಬ, ಜಾಲದಲ್ಲಿ ಹರಿಯುವ ಮಾಹಿತಿಯನ್ನು ಮುಚ್ಚುವ ವಿಧಾನ ಬೇರೆಯಾಗಿಯೇ ಬೇಕು. ವ್ಯವಸ್ಥಾಪಕರೊಬ್ಬರು ಸುಸ್ತಿದಾರರ ಪಟ್ಟಿಯನ್ನು ಎಕ್ಸೆಲ್ಲಿಗೆ ಇಳಿಸಿಕೊಂಡು ಪೆನ್ ಡ್ರೈವಿನಲ್ಲಿ ಮನೆಗೊಯ್ದರೆ ಆ ಪಟ್ಟಿ ಬಟ್ಟಬಯಲು. ಅಡವಿನ ಚೀಟಿಗಳ ಸ್ಕ್ಯಾನ್ ಚಿತ್ರಗಳನ್ನು ಫೈಲ್‌ಸ್ಟ್ರೀಮ್ ಮೂಲಕ ಡೇಟಾಬೇಸಿನ ಹೊರಗೆ ಕಡತಗಳಾಗಿ ಇಟ್ಟಿದ್ದರೆ ಅವೂ ಎನ್‌ಕ್ರಿಪ್ಟ್ ಆಗುವುದಿಲ್ಲ. ಆಡಳಿತಗಾರನಾದ ನನ್ನ ಕಣ್ಣಿಗೂ ಬೀಳದಂತೆ ಆಧಾರ್ ಸಂಖ್ಯೆಯ ಒಂದೇ ಅಂಕಣವನ್ನು ಮುಚ್ಚಬೇಕಾದರೆ ಆಲ್ವೇಸ್ ಎನ್‌ಕ್ರಿಪ್ಟೆಡ್ ಎಂಬ ಬೇರೆ ಸೌಲಭ್ಯವಿದೆ, ಆದರೆ ಅದು ತಂತ್ರಾಂಶದಲ್ಲೇ ಬದಲಾವಣೆ ಕೇಳುತ್ತದೆ. ಆರು ತಿಂಗಳ ಮಾತನ್ನು ಆಗಲೇ ಹೇಳಿದ್ದೇನೆ.

ತಿಳಿದವರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು: ಬಸ್ಸಿನಲ್ಲಿ ಕಳೆದುಹೋದದ್ದು ಬ್ಯಾಕಪ್ ತಾನೇ, ಬ್ಯಾಕಪ್ಪನ್ನು ಮಾತ್ರ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ 2014ರ ಸ್ಟ್ಯಾಂಡರ್ಡ್ ಎಡಿಷನ್ನಿನಿಂದಲೇ ಇದೆಯಲ್ಲ, ಇಷ್ಟೆಲ್ಲ ಏಕೆ? ಆಕ್ಷೇಪ ಸರಿಯಾದುದು, ಶಿಸ್ತಿರುವ ಕಚೇರಿಗೆ ಅದೇ ಸಾಕು. ನಮ್ಮಲ್ಲಿ ಬ್ಯಾಕಪ್ ತೆಗೆಯುವವರು ನಾನೊಬ್ಬನೇ ಅಲ್ಲ. ಬ್ಯಾಂಕಿಂಗ್ ತಂತ್ರಾಂಶದ ಮೆನುವಿನಲ್ಲೇ ಬ್ಯಾಕಪ್ ಎಂಬ ಗುಂಡಿಯಿದೆ, ಲೆಕ್ಕಪರಿಶೋಧನೆಯ ಹಿಂದಿನ ದಿನ ಯಾರಾದರೊಬ್ಬರು ಅದನ್ನು ಒತ್ತುತ್ತಾರೆ; ಆ ಗುಂಡಿಯ ಹಿಂದಿರುವ ಆದೇಶದಲ್ಲಿ ಎನ್‌ಕ್ರಿಪ್ಶನ್ನಿನ ಮಾತೇ ಇಲ್ಲ. ದುರಸ್ತಿಗೆ ಬಂದ ಎಂಜಿನಿಯರು ಸರ್ವರ್ ನಿಲ್ಲಿಸಿ ಡೇಟಾಬೇಸಿನ ಮೂಲ ಕಡತವನ್ನೇ ನಕಲು ಮಾಡಿಕೊಂಡು ಹೋದದ್ದೂ ಉಂಟು. ಟಿಡಿಇ ಇದ್ದರೆ ಯಾರು, ಯಾವ ಗುಂಡಿ ಒತ್ತಿ, ಎಲ್ಲಿಗೆ ನಕಲು ಮಾಡಿದರೂ ಹೊರಬರುವುದು ಮುಚ್ಚಿದ ಕಡತವೇ. ಇಡೀ ಡಿಸ್ಕನ್ನೇ ಮುಚ್ಚುವ ವಿಂಡೋಸಿನ ಬಿಟ್‌ಲಾಕರ್ ಸರ್ವರಿನ ಡಿಸ್ಕನ್ನೇ ಕಿತ್ತೊಯ್ದವನನ್ನು ತಡೆಯುತ್ತದೆ, ಆದರೆ ಅಲ್ಲಿಂದ ಮತ್ತೊಂದು ಸಾದಾ ಡಿಸ್ಕಿಗೆ ನಕಲಾಗುವ ಕಡತ ತೆರೆದುಕೊಂಡೇ ಹೋಗುತ್ತದೆ. ನಮ್ಮ ಅಗತ್ಯಕ್ಕೆ ಟಿಡಿಇ ಹೊಂದಿದ್ದು ಈ ಕಾರಣಕ್ಕೆ.

ವೇಗದ ವಿಷಯದಲ್ಲಿ ಹೆಚ್ಚು ಹೇಳುವಂತಹದ್ದಿಲ್ಲ. ಈಗಿನ ಪ್ರೊಸೆಸರುಗಳಲ್ಲಿ ಎಇಎಸ್ ಲೆಕ್ಕಕ್ಕೆಂದೇ ಆದೇಶಗಳಿರುವುದರಿಂದ ದಿನದ ಕೊನೆಯ ಬಡ್ಡಿ ಲೆಕ್ಕ ಹಿಂದೆ 14 ನಿಮಿಷ ತೆಗೆದುಕೊಳ್ಳುತ್ತಿದ್ದದ್ದು ಈಗ 15ರೊಳಗೆ ಮುಗಿಯುತ್ತದೆ. ಸರ್ವರಿನ ಒಂದು ಡೇಟಾಬೇಸಿಗೆ ಟಿಡಿಇ ಹಾಕಿದರೂ ಎಲ್ಲಕ್ಕೂ ಸಾಮಾನ್ಯವಾದ ಟೆಂಪ್‌ಡಿಬಿ ಎಂಬ ತಾತ್ಕಾಲಿಕ ಡೇಟಾಬೇಸ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ; ಅದೇ ಸರ್ವರಿನಲ್ಲಿರುವ ಹಾಜರಾತಿ ತಂತ್ರಾಂಶಕ್ಕೆ ಅದರಿಂದ ತೊಂದರೆಯಾದುದು ಕಾಣಲಿಲ್ಲ.

ಬಿಸಿ ತಟ್ಟಿದ್ದು ಬೇರೆ ಎರಡು ಕಡೆ. ಡೇಟಾಬೇಸ್ ಕಡತ ಬೆಳೆಯುವಾಗ ಹೊಸ ಜಾಗಕ್ಕೆ ಸೊನ್ನೆ ತುಂಬದೆ ಥಟ್ಟನೆ ಪಡೆದುಕೊಳ್ಳುವ ಸೌಲಭ್ಯ ಟಿಡಿಇ ಇದ್ದಾಗ ಕೆಲಸ ಮಾಡುವುದಿಲ್ಲ. ನಮ್ಮ ಕಡತ ಶೇಕಡಾ ಹತ್ತರಷ್ಟು ತಾನಾಗಿ ಬೆಳೆಯುವಂತೆ ಯಾರೋ ಎಂದೋ ಇಟ್ಟುಹೋಗಿದ್ದರು. ಒಂದು ಸೋಮವಾರ ಹನ್ನೊಂದು ಗಂಟೆಗೆ, ಪಿಗ್ಮಿ ಏಜೆಂಟರೆಲ್ಲ ಹಣ ಕಟ್ಟಲು ಸಾಲಿನಲ್ಲಿ ನಿಂತಿದ್ದಾಗ, ಅದು ನಾಲ್ಕು ಗಿಗಾಬೈಟಿನ ಜಾಗಕ್ಕೆ ಸೊನ್ನೆ ಬರೆಯುತ್ತ ಕುಳಿತಿತು. ಈಗ ರಜಾದಿನಗಳಲ್ಲಿ ನಾನೇ ಕೈಯಾರೆ ಬೆಳೆಸಿಡುತ್ತೇನೆ. ಇನ್ನೊಂದು ಬ್ಯಾಕಪ್ಪಿನ ಗಾತ್ರ. ಮೊದಲು ಕಂಪ್ರೆಸ್ ಆಗಿ ಒಂಬತ್ತು ಗಿಗಾಬೈಟಿಗೆ ಬರುತ್ತಿದ್ದ ಬ್ಯಾಕಪ್ ಮರುದಿನದಿಂದ ನಲವತ್ತರ ಹತ್ತಿರ ಬರತೊಡಗಿ, ಗುರುವಾರದ ಹೊತ್ತಿಗೆ ಡಿಸ್ಕೇ ತುಂಬಿತು. ಗೂಢಲಿಪಿಯಾದ ದತ್ತಾಂಶವನ್ನು ಒತ್ತಿ ಕಿರಿದಾಗಿಸಲು ಬರುವುದಿಲ್ಲ. 2016ರ ಆವೃತ್ತಿಯಿಂದ ಇದಕ್ಕೊಂದು ದಾರಿಯಿದೆ: ಬ್ಯಾಕಪ್ ಆದೇಶದಲ್ಲಿ ಮ್ಯಾಕ್ಸ್‌ಟ್ರಾನ್ಸ್‌ಫರ್‌ಸೈಜ್ ಎಂಬುದನ್ನು 65536ಕ್ಕಿಂತ ಹೆಚ್ಚು ಕೊಟ್ಟರೆ ಸರ್ವರ್ ಪುಟಗಳನ್ನು ಬಿಚ್ಚಿ, ಒತ್ತಿ, ಮತ್ತೆ ಮುಚ್ಚಿ ಬರೆಯುತ್ತದೆ. 2019ರ ಐದನೆಯ ಕ್ಯುಮ್ಯುಲೇಟಿವ್ ಅಪ್‌ಡೇಟಿನಿಂದ ಅದನ್ನು ಹೇಳುವ ಅಗತ್ಯವೂ ಇಲ್ಲ. ನಾನು ಮೂಲ ಡಿಸ್ಕಿನಿಂದ ಹಾಕಿದ ಮೇಲೆ ಒಂದೂ ಅಪ್‌ಡೇಟ್ ಹಾಕಿರಲಿಲ್ಲ, ತಪ್ಪು ನನ್ನದೇ.

ಇನ್ನು ಸರ್ಟಿಫಿಕೇಟಿನ ಕಥೆ. ಮೂರನೆಯ ಆದೇಶ ಕೊಟ್ಟಾಗಲೇ ಸರ್ವರ್ ಒಂದು ಎಚ್ಚರಿಕೆ ತೋರಿಸುತ್ತದೆ: ಈ ಸರ್ಟಿಫಿಕೇಟಿನ ಬ್ಯಾಕಪ್ ಆಗಿಲ್ಲ, ಕೂಡಲೇ ಮಾಡಿ ಎಂದು. ಎಚ್ಚರಿಕೆಯಷ್ಟೇ, ಮಾಡದಿದ್ದರೂ ಕೆಲಸ ಮುಂದೆ ಸಾಗುತ್ತದೆ. ನನ್ನ ದೃಷ್ಟಿಯಲ್ಲಿ ಇದು ಇಡೀ ವ್ಯವಸ್ಥೆಯ ಅತಿ ದೊಡ್ಡ ಕೊರತೆ. ಆ ಸರ್ಟಿಫಿಕೇಟ್ ಮತ್ತು ಅದರ ಪ್ರೈವೇಟ್ ಕೀ (ಬೀಗ ತೆರೆಯುವ ಗುಟ್ಟಿನ ಕೀಲಿ) ಇಲ್ಲದೆ ಬ್ಯಾಕಪ್ಪುಗಳು ಯಾವ ಸರ್ವರಿನಲ್ಲೂ ತೆರೆಯುವುದಿಲ್ಲ, ಮೈಕ್ರೋಸಾಫ್ಟಿನವರನ್ನು ಕೇಳಿದರೂ ಅವರಲ್ಲಿ ಇನ್ನೊಂದು ಕೀಲಿಯಿಲ್ಲ. ಕಳ್ಳನಿಗೆಂದು ಹಾಕಿದ ಬೀಗ ಮನೆಯವರನ್ನೇ ಹೊರಗೆ ನಿಲ್ಲಿಸುತ್ತದೆ.

ಅಳವಡಿಸಿದ ಹದಿನೈದು ದಿನಕ್ಕೆ ತಿಪಟೂರಿನಲ್ಲಿರುವ ಬದಲಿ ಗಣಕದಲ್ಲಿ ರಿಸ್ಟೋರ್ ಮಾಡಿ, ಅಂದರೆ ಬ್ಯಾಕಪ್ಪಿನಿಂದ ಡೇಟಾಬೇಸನ್ನು ಮರಳಿ ಕಟ್ಟಿ, ನೋಡೋಣವೆಂದು ಹೋದೆ. 33111 ಎಂಬ ದೋಷ ಬಂತು: ಇಂಥ ಥಂಬ್‌ಪ್ರಿಂಟಿನ (ಅಂದರೆ ಗುರುತಿನ ಸಂಖ್ಯೆಯ) ಸರ್ವರ್ ಸರ್ಟಿಫಿಕೇಟ್ ಸಿಗುತ್ತಿಲ್ಲ. ನಿರೀಕ್ಷಿಸಿದ್ದೇ ಆದ್ದರಿಂದ, ಜೊತೆಗೆ ಒಯ್ದಿದ್ದ ಸರ್ಟಿಫಿಕೇಟ್ ಕಡತವನ್ನು ಅಲ್ಲಿ ಹಾಕಿದೆ. ಹಾಕಿಸಿಕೊಂಡಿತು, ರಿಸ್ಟೋರ್ ಮಾತ್ರ ಆಗಲಿಲ್ಲ. ಶಾಖೆಯ ವ್ಯವಸ್ಥಾಪಕರು ತರಿಸಿಕೊಟ್ಟ ಕಾಫಿ ಮೇಜಿನ ಮೇಲೆ ಆರಿ ಕೆನೆಗಟ್ಟುವವರೆಗೂ ಪರದೆ ನೋಡುತ್ತ ಕುಳಿತಿದ್ದೆ. ತುಮಕೂರಿನಲ್ಲಿ ಬ್ಯಾಕಪ್ ತೆಗೆಯುವಾಗ "ವಿತ್ ಪ್ರೈವೇಟ್ ಕೀ" ಎಂಬ ಭಾಗವನ್ನು ಬಿಟ್ಟು ಬರೆದಿದ್ದೆ. ನನ್ನ ಕೈಯಲ್ಲಿದ್ದದ್ದು ಬೀಗದ ಚಿತ್ರ, ಕೀಲಿಯಲ್ಲ. ಆ ಹದಿನೈದು ದಿನಗಳಲ್ಲಿ ತುಮಕೂರಿನ ಸರ್ವರ್ ಸುಟ್ಟುಹೋಗಿದ್ದರೆ, ಅಷ್ಟೂ ದಿನ ತೆಗೆದ ಬ್ಯಾಕಪ್ಪುಗಳು ಯಾವ ಪ್ರಯೋಜನಕ್ಕೂ ಬರುತ್ತಿರಲಿಲ್ಲ. ಆ ಸಂಜೆಯೇ ಮರಳಿ ಬಂದು, ಸರ್ಟಿಫಿಕೇಟನ್ನೂ ಪ್ರೈವೇಟ್ ಕೀಯನ್ನೂ ಪಾಸ್‌ವರ್ಡ್ ಸಹಿತ ಮತ್ತೆ ತೆಗೆದು, ಮರುದಿನ ಒಯ್ದು ಹಾಕಿದ ಮೇಲೆ ರಿಸ್ಟೋರ್ ಸಲೀಸಾಗಿ ಆಯಿತು. ಎರಡನೆಯ ಸರ್ವರಿನ ಮಾಸ್ಟರ್ ಕೀ ಮೊದಲನೆಯದೇ ಆಗಿರಬೇಕಿಲ್ಲ. ಆದರೆ ಅದೇ ಹೆಸರಿನ ಹೊಸ ಸರ್ಟಿಫಿಕೇಟನ್ನು ಅಲ್ಲಿ ಸೃಷ್ಟಿಸಿದರೆ ಉಪಯೋಗವಿಲ್ಲ, ಹೊಂದಬೇಕಾದದ್ದು ಹೆಸರಲ್ಲ, ಥಂಬ್‌ಪ್ರಿಂಟ್.

ಕೀಲಿಯನ್ನು ಎಲ್ಲಿಡುವುದೆಂಬ ಪ್ರಶ್ನೆಗೆ ಉತ್ತರ ನಮ್ಮ ಚಿನ್ನದ ಸಾಲದ ಕಪಾಟಿನಲ್ಲೇ ಇತ್ತು. ಅದಕ್ಕೆ ಎರಡು ಕೀಲಿ, ಒಂದು ವ್ಯವಸ್ಥಾಪಕರಲ್ಲಿ, ಒಂದು ಕ್ಯಾಷಿಯರ್ ಬಳಿ. ಇಬ್ಬರೂ ಇಲ್ಲದೆ ತೆರೆಯುವಂತಿಲ್ಲ. ಹಾಗೆಯೇ ಸರ್ಟಿಫಿಕೇಟ್ ಮತ್ತು ಪ್ರೈವೇಟ್ ಕೀ ಇರುವ ಎರಡು ಪೆನ್ ಡ್ರೈವುಗಳಲ್ಲಿ ಒಂದು ತುಮಕೂರಿನಲ್ಲಿ, ಒಂದು ಕುಣಿಗಲ್ಲಿನಲ್ಲಿ. ಪಾಸ್‌ವರ್ಡ್ ಮೊಹರು ಹಾಕಿದ ಎರಡು ಲಕೋಟೆಗಳಲ್ಲಿ ಗುಬ್ಬಿ ಮತ್ತು ಶಿರಾದಲ್ಲಿ. ತಿಪಟೂರಿಗೆ ಹೋಗುವ ಹಾರ್ಡ್ ಡಿಸ್ಕಿನ ಜೊತೆ ಇವೆರಡೂ ಎಂದೂ ಪಯಣಿಸಬಾರದೆಂದು ಠರಾವಿನಲ್ಲೇ ಬರೆಸಿದ್ದೇವೆ. ಬದಲಿ ಗಣಕದಲ್ಲಿ ಪರೀಕ್ಷೆ ಮುಗಿದ ಮೇಲೆ ಆ ಸರ್ಟಿಫಿಕೇಟನ್ನು ಅಳಿಸಿಯೇ ಬಂದೆ. ಡಿಸ್ಕೂ ಕೀಲಿಯೂ ಒಂದೇ ಕಟ್ಟಡದಲ್ಲಿದ್ದರೆ ಪಟ್ಟ ಶ್ರಮಕ್ಕೆ ಅರ್ಥವಿರುವುದಿಲ್ಲ. ಟಿಡಿಇಗೆ ಮುಂಚಿನ ಹಳೆಯ ಬ್ಯಾಕಪ್ಪುಗಳಿಗೂ ಇದೇ ಗಮನ ಬೇಕು. ಅವು ತಾವಾಗಿ ಮುಚ್ಚಿಕೊಳ್ಳುವುದಿಲ್ಲ. ನಮ್ಮ ಕಪಾಟುಗಳನ್ನೆಲ್ಲ ಜಾಲಾಡಿದಾಗ ಅಂಥ ಹನ್ನೊಂದು ಡಿಸ್ಕುಗಳು ಸಿಕ್ಕವು, ಒಂದು ಝೆರಾಕ್ಸ್ ಯಂತ್ರದ ಕೆಳಗಿತ್ತು.

ಬೇರೆ ಡೇಟಾಬೇಸ್ ಬಳಸುವವರಿಗೆ ಒಂದೆರಡು ಮಾತು. ಒರಾಕಲ್‌ನಲ್ಲಿ ಟಿಡಿಇ ಇದೆ, ಆದರೆ ಎಂಟರ್‌ಪ್ರೈಸ್ ಎಡಿಷನ್ನಿನ ಮೇಲೆ ಅಡ್ವಾನ್ಸ್ಡ್ ಸೆಕ್ಯೂರಿಟಿ ಎಂಬುದಕ್ಕೆ ಪ್ರತ್ಯೇಕ ಹಣ ಕಟ್ಟಬೇಕು. ಮಾರಿಯಾಡಿಬಿಯ 10.1ರಿಂದ ಇಂಥದೇ ಸೌಲಭ್ಯ ಉಚಿತವಾಗಿ ದೊರೆಯುತ್ತದೆ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಲ್ಲಿಯೂ 5.7ರ ಕಾಲದಿಂದ ಟೇಬಲ್‌ಸ್ಪೇಸ್ ಎನ್‌ಕ್ರಿಪ್ಶನ್ ಇದೆ.

ನಮ್ಮ ಸರ್ಟಿಫಿಕೇಟಿಗೆ ನಾನು ಅವಧಿಯನ್ನು ಹೇಳದೆ ಬಿಟ್ಟಿದ್ದರಿಂದ ಅದು ಒಂದೇ ವರ್ಷಕ್ಕೆ ಮುಗಿಯಿತು. ಅವಧಿ ಮುಗಿದರೂ ಟಿಡಿಇ ನಿಲ್ಲುವುದಿಲ್ಲ, ರಿಸ್ಟೋರ್ ಸಹ ಆಗುತ್ತದೆ. ಆದರೂ ಲೆಕ್ಕಪರಿಶೋಧಕರು ದಿನಾಂಕ ನೋಡಿ ಹುಬ್ಬು ಗಂಟಿಕ್ಕಿದ್ದರಿಂದ ಹೊಸದೊಂದನ್ನು ಸೃಷ್ಟಿಸಿ ಡೇಟಾಬೇಸ್ ಕೀಯನ್ನು ಅದಕ್ಕೆ ವರ್ಗಾಯಿಸಿದೆ. ಹೊರಗಿನ ಬೀಗವನ್ನಷ್ಟೇ ಬದಲಿಸುವ ಕೆಲಸವಾದ್ದರಿಂದ, 42 ಗಿಗಾಬೈಟನ್ನು ಮತ್ತೆ ಬರೆಯದೆ ಒಂದು ಕ್ಷಣದಲ್ಲಿ ಮುಗಿಯಿತು. ಹಳೆಯ ಸರ್ಟಿಫಿಕೇಟನ್ನು ಬಿಸಾಡಿಲ್ಲ, ಅದರಿಂದ ಮುಚ್ಚಿದ ಬ್ಯಾಕಪ್ಪುಗಳು ಇರುವಷ್ಟು ಕಾಲ ಅದೂ ಇರಬೇಕು. ಗುಬ್ಬಿ ಮತ್ತು ಶಿರಾದ ಕಪಾಟುಗಳಲ್ಲಿ ಈಗ ಎರಡೆರಡು ಲಕೋಟೆಗಳಿವೆ, ಹಳೆಯವುಗಳ ಮೇಲೆ ಕಾರ್ಯದರ್ಶಿಗಳು ಕೆಂಪು ಶಾಯಿಯಲ್ಲಿ "ಹಳೇದು, ಹರಿಯಬೇಡಿ" ಎಂದು ಬರೆದಿದ್ದಾರೆ.